66 ಜನರನ್ನು ಕೊಂದದ್ದು ಗೋಲಲ್ಲ

ಹೋದ ವಾರ ನಮ್ಮೂರ ಹುಡುಗರ ವಾಟ್ಸಾಪ್ ಗ್ರೂಪಿಗೆ ಒಂದು ರೀಲ್ ಬಂತು. ರಷ್ಯಾದ ದೊಡ್ಡ ಸ್ಟೇಡಿಯಂ, ಹಿಮ ಬೀಳುತ್ತಿದೆ, ಹಿಂದೆ ಅಳು ಬರಿಸುವ ಪಿಟೀಲು. ಮೇಲೆ ದಪ್ಪ ಅಕ್ಷರ: ‘ಒಂದೇ ಒಂದು ಗೋಲು, 66 ಹೆಣ!’ ಕತೆ ಇಷ್ಟೇ. ಆಟ ಮುಗಿಯಿತೆಂದು ಜನ ಎದ್ದು ಹೊರಟಿದ್ದರು. ಕೊನೇ ಗಳಿಗೆಯಲ್ಲಿ ಗೋಲು ಬಿತ್ತು. ಅದನ್ನು ನೋಡಲು ಜನ ವಾಪಸ್ ಓಡಿ, ಇಳಿಯುವವರಿಗೆ ಡಿಕ್ಕಿ ಹೊಡೆದು, ಒಬ್ಬರನ್ನೊಬ್ಬರು ತುಳಿದುಕೊಂಡು ಸತ್ತರು. ಕೆಳಗೆ ಕಾಮೆಂಟು: ‘ಜನಕ್ಕೆ ತಾಳ್ಮೆ ಇಲ್ಲ ಗುರು’, ‘ಎಲ್ಲಾ ವಿಧಿ’, ‘ಬುದ್ಧಿ ಇಲ್ಲದ ಗುಂಪು’.

ನಮಗೆ ಸಿಟ್ಟು ಬಂತು. ರೀಲ್ ಮಾಡಿದ ಹುಡುಗನ ಮೇಲಲ್ಲ, ಅವನಿಗೆ ಲೈಕ್ ಬೇಕು, ಪಾಪ. ಸಿಟ್ಟು ಬಂದದ್ದು ಆ ಕತೆಯ ಮೇಲೆ. ನಲವತ್ತು ವರ್ಷ ದಾಟಿದರೂ ಅದು ಸಾಯುತ್ತಿಲ್ಲ. ಸತ್ತವರನ್ನೇ ಅಪರಾಧಿ ಮಾಡುವ ಕತೆ ಅದು, ಬೇರೆ ಎಲ್ಲರನ್ನೂ ಪಾರು ಮಾಡುತ್ತದೆ. ಆದ್ದರಿಂದ ಇವತ್ತು ಗ್ರಾಮ ಪಂಚಾಯಿತಿ ಸುದ್ದಿ ಬಿಟ್ಟು ಮಾಸ್ಕೋದ ಸುದ್ದಿ ಬರೆಯುತ್ತಿದ್ದೇವೆ. ಓದಿ, ಕೊನೆಗೆ ನಮ್ಮ ಜಾತ್ರೆಗೇ ಬರುತ್ತೇವೆ.

ಮೊದಲು ಆ ಕ್ಲಬ್ ಯಾವುದು ಅಂತ ತಿಳಿಯಬೇಕು. ಹೆಸರು ಸ್ಪಾರ್ಟಕ್ ಮಾಸ್ಕೋ. ಹುಟ್ಟಿದ್ದು 1922ರಲ್ಲಿ, ಮಾಸ್ಕೋದ ಪ್ರೆಸ್ನ್ಯಾ ಎಂಬ ಕಾರ್ಮಿಕರ ಕೇರಿಯಲ್ಲಿ. ಆ ಕೇರಿಯ ನಾಲ್ವರು ಅಣ್ಣತಮ್ಮಂದಿರು, ನಿಕೊಲಾಯ್, ಅಲೆಕ್ಸಾಂಡರ್, ಆಂದ್ರೇ ಮತ್ತು ಪ್ಯೋತರ್ ಸ್ತಾರೋಸ್ತಿನ್, ಈ ತಂಡದ ಬೆನ್ನೆಲುಬು. ಆಗಿನ ಸೋವಿಯೆತ್ ದೇಶದಲ್ಲಿ ಪ್ರತಿ ತಂಡಕ್ಕೂ ಒಬ್ಬ ಯಜಮಾನ ಇರುತ್ತಿದ್ದ. ಡೈನಮೋ ಗುಪ್ತ ಪೊಲೀಸರದ್ದು. ಇಂದು ಸಿಎಸ್‌ಕೆಎ ಎಂಬ ಹೆಸರಿನದು ಸೈನ್ಯದ್ದು. ಲೋಕೋಮೋಟಿವ್ ರೈಲ್ವೆಯದ್ದು. ಟಾರ್ಪೆಡೊ ಮೋಟಾರು ಕಾರ್ಖಾನೆಯದ್ದು. ಸ್ಪಾರ್ಟಕ್ಕಿಗೆ ಆಸರೆಯಾಗಿದ್ದು ಸಣ್ಣಪುಟ್ಟ ಕಸುಬುದಾರರ ಸಹಕಾರ ಸಂಘಗಳು. ಪೊಲೀಸರ ತಂಡ ಸೋಲಲಿ ಎಂದು ಬಾಯಿಬಿಟ್ಟು ಕೂಗಲು ಆ ದೇಶದಲ್ಲಿ ಇದ್ದದ್ದು ಒಂದೇ ಜಾಗ, ಫುಟ್‌ಬಾಲ್ ಮೈದಾನ. ಹಾಗಾಗಿ ಜನ ಸ್ಪಾರ್ಟಕ್ ಕಡೆ ಕೂತರು. ‘ಜನರ ತಂಡ’ ಎಂಬ ಹೆಸರು ಅಂಟಿದ್ದು ಹೀಗೆ. 1935ರಲ್ಲಿ ಸ್ಪಾರ್ಟಕ್ ಎಂಬ ಹೆಸರಿಟ್ಟರು. ರೋಮಿನ ದೊರೆಗಳ ವಿರುದ್ಧ ದಂಗೆಯೆದ್ದ ಗುಲಾಮ ಸ್ಪಾರ್ಟಕಸ್‌ನ ಹೆಸರು ಅದು.

ಇಂಥ ಹೆಸರಿಟ್ಟುಕೊಂಡವರನ್ನು ದೊರೆಗಳು ಸುಮ್ಮನೆ ಬಿಡುತ್ತಾರೆಯೇ? 1939ರ ಕಪ್ ಸೆಮಿಫೈನಲ್ಲಿನಲ್ಲಿ ಸ್ಪಾರ್ಟಕ್ ಡೈನಮೋ ಟಿಬಿಲಿಸಿಯನ್ನು 1-0ರಿಂದ ಸೋಲಿಸಿತು. ಮುಂದೆ ಫೈನಲ್ಲನ್ನೂ ಗೆದ್ದಿತು. ಆಮೇಲೆ ಮೇಲಿನಿಂದ ಆದೇಶ ಬಂತು: ಸೆಮಿಫೈನಲ್ ಮತ್ತೆ ಆಡಬೇಕು! ಫೈನಲ್ ಗೆದ್ದ ಮೇಲೆ ಸೆಮಿಫೈನಲ್ ಆಡಿಸಿದ್ದನ್ನು ಲೋಕದಲ್ಲಿ ಬೇರೆಲ್ಲೂ ನಾವು ಕೇಳಿಲ್ಲ. ಟಿಬಿಲಿಸಿ ಇರುವುದು ಜಾರ್ಜಿಯಾದಲ್ಲಿ. ಗುಪ್ತ ಪೊಲೀಸ್ ಮುಖ್ಯಸ್ಥ ಲಾವ್ರೆಂತಿ ಬೇರಿಯಾನೂ ಅಲ್ಲಿಯವನೇ, ಹುಡುಗನಾಗಿದ್ದಾಗ ಫುಟ್‌ಬಾಲ್ ಆಡಿದವನು. ಮತ್ತೆ ಆಡಿದರು. ಸ್ಪಾರ್ಟಕ್ 3-2ರಿಂದ ಮತ್ತೆ ಗೆದ್ದಿತು.

1942ರ ಮಾರ್ಚಿನಲ್ಲಿ ನಿಕೊಲಾಯ್ ಸ್ತಾರೋಸ್ತಿನ್‌ನನ್ನು ಹಿಡಿದರು. ತಮ್ಮಂದಿರನ್ನೂ ಬಿಡಲಿಲ್ಲ. ತಲಾ 10 ವರ್ಷ ಶಿಕ್ಷೆ, ಉತ್ತರದ ಹಿಮದ ಶಿಬಿರಗಳಿಗೆ ರವಾನೆ. ತಮಾಷೆ ಎಂದರೆ ಶಿಬಿರದ ಅಧಿಕಾರಿಗಳಿಗೂ ಫುಟ್‌ಬಾಲ್ ಹುಚ್ಚು. ಕೈದಿಯನ್ನೇ ತಮ್ಮ ತಂಡದ ಕೋಚ್ ಮಾಡಿಕೊಂಡರು. ಸ್ಟಾಲಿನ್ ಸತ್ತು, ಬೇರಿಯಾನನ್ನು ಅವನವರೇ ಗುಂಡಿಟ್ಟು ಕೊಂದ ಮೇಲೆ ಸ್ತಾರೋಸ್ತಿನ್ ಮನೆಗೆ ಬಂದರು. ಮತ್ತೆ ಸ್ಪಾರ್ಟಕ್ಕಿನ ಮುಖ್ಯಸ್ಥರಾಗಿ ಮುಪ್ಪಿನವರೆಗೂ ಇದ್ದರು. 1996ರಲ್ಲಿ ತೊಂಬತ್ತು ದಾಟಿದ ಮೇಲೆ ತೀರಿಕೊಂಡರು.

ಸೋವಿಯೆತ್ ಕಾಲದಲ್ಲಿ 12 ಸಲ, ಆಮೇಲೆ ರಷ್ಯಾದಲ್ಲಿ 10 ಸಲ ಚಾಂಪಿಯನ್. ಕ್ಲಬ್ಬಿನ ಚರಿತ್ರೆ ಬರೆಯುವವರು ಈ ಲೆಕ್ಕವನ್ನು ಬಾಯಿಪಾಠ ಒಪ್ಪಿಸುತ್ತಾರೆ. ನಮಗೆ ಬೇಕಾದ ಲೆಕ್ಕ ಬೇರೆ.

1982ರ ಅಕ್ಟೋಬರ್ 20, ಬುಧವಾರ. ಮಾಸ್ಕೋದ ಲುಜ್ನಿಕಿ ಸ್ಟೇಡಿಯಂ, ಆಗ ಅದಕ್ಕೆ ಲೆನಿನ್ ಹೆಸರು. ಯುಇಎಫ್‌ಎ ಕಪ್ಪಿನಲ್ಲಿ ಸ್ಪಾರ್ಟಕ್ಕಿಗೆ ಎದುರಾಳಿ ನೆದರ್ಲೆಂಡ್ಸ್‌ನ ಹಾರ್ಲೆಮ್ ತಂಡ. ಚಳಿ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ. ಮೆಟ್ಟಿಲ ಮೇಲೆಲ್ಲ ಹಿಮ. ಸುಮಾರು ಒಂದು ಲಕ್ಷ ಜನ ಹಿಡಿಸುವ ಜಾಗಕ್ಕೆ ಬಂದವರು ಹದಿನಾರು ಸಾವಿರ ಚಿಲ್ಲರೆ. ಅಷ್ಟು ಜನಕ್ಕೆ ಇಡೀ ಸ್ಟೇಡಿಯಂ ತೆರೆಯುವುದೇಕೆ, ಹಿಮ ಗುಡಿಸುವವರು ಯಾರು? ಎರಡು ಕಡೆಯ ಸ್ಟ್ಯಾಂಡ್ ಮಾತ್ರ ತೆರೆದರು. ಹೆಚ್ಚಿನವರೆಲ್ಲ ಪೂರ್ವದ ಸ್ಟ್ಯಾಂಡಿಗೆ ತುಂಬಿಕೊಂಡರು. ಬಂದವರಲ್ಲಿ ಶಾಲೆ ಕಾಲೇಜು ಹುಡುಗರೇ ಬಹಳ.

ಎಡ್ಗರ್ ಗೆಸ್ ಮೊದಲರ್ಧದಲ್ಲೇ ಒಂದು ಗೋಲು ಹೊಡೆದಿದ್ದ. ಚಳಿಗೆ ಕಾಲು ಮರಗಟ್ಟಿತ್ತು. ಕೊನೆಯ ನಿಮಿಷಗಳಲ್ಲಿ ಜನ ಮೆಟ್ರೋ ರೈಲು ಹಿಡಿಯಲು ಹೊರಟರು. ಮೆಟ್ರೋ ಸ್ಟೇಷನ್ನಿಗೆ ಹತ್ತಿರ ಇದ್ದದ್ದು ಒಂದನೇ ನಂಬರಿನ ಮೆಟ್ಟಿಲು. ಎಲ್ಲರೂ ಅದರಲ್ಲೇ ಇಳಿದರು. ಅಲ್ಲಿ ಯಾರೋ ಜಾರಿ ಬಿದ್ದರು. ಹಿಂದಿನವರಿಗೆ ಮುಂದೆ ಬಿದ್ದವರು ಕಾಣುವುದಿಲ್ಲ, ಅವರು ಇಳಿಯುತ್ತಲೇ ಇದ್ದರು. ಕಬ್ಬಿಣದ ಕಂಬಿಗಳು ಬಾಗಿದವು. ಇದೇ ಹೊತ್ತಿನಲ್ಲಿ, ಆಟ ಮುಗಿಯಲು ಸುಮಾರು 20 ಸೆಕೆಂಡು ಇದ್ದಾಗ, ಸೆರ್ಗೆಯ್ ಶ್ವೆತ್ಸೋವ್ ಎರಡನೇ ಗೋಲು ಹೊಡೆದ. ಸ್ಪಾರ್ಟಕ್ 2-0ರಿಂದ ಗೆದ್ದಿತು. ಮೆಟ್ಟಿಲ ಮೇಲೆ 66 ಜನ ಸತ್ತರು. ಅವರಲ್ಲಿ 45 ಮಂದಿ ಹದಿಹರೆಯದವರು.

ಗೋಲಿನ ಕೂಗು ಕೇಳಿ ಜನ ಹಿಂದಕ್ಕೆ ತಿರುಗಿದರು, ಅದರಿಂದಲೇ ಅನಾಹುತ ಎಂಬ ಮಾತು ಹಬ್ಬಿದ್ದು ಆಮೇಲೆ. ಬದುಕಿ ಬಂದವರಲ್ಲೇ ಹಲವರು ಇದನ್ನು ಒಪ್ಪುವುದಿಲ್ಲ. ಆ ಒತ್ತಡದಲ್ಲಿ ತಿರುಗುವುದಿರಲಿ, ಕೈ ಎತ್ತಲೂ ಆಗುತ್ತಿರಲಿಲ್ಲ ಎನ್ನುತ್ತಾರೆ. ಬೇರೆ ದಾರಿಗಳ ಗೇಟು ಮುಚ್ಚಿತ್ತು, ಪೊಲೀಸರು ಎಲ್ಲರನ್ನೂ ಒಂದೇ ಕಡೆ ಕಳಿಸುತ್ತಿದ್ದರು ಎಂದೂ ಹೇಳುತ್ತಾರೆ. ಸರ್ಕಾರದ ತನಿಖೆ ಗೇಟುಗಳೆಲ್ಲ ತೆರೆದಿದ್ದವು ಎಂದಿತು. ಯಾರ ಮಾತು ನಂಬಬೇಕು ಎಂಬುದು ನಿಮಗೆ ಬಿಟ್ಟದ್ದು. ನಾವು ಕೇಳುವುದು ಒಂದೇ. ಕೆಲವರು ಹಿಂದಕ್ಕೆ ತಿರುಗಿದರು ಅಂತಲೇ ಇಟ್ಟುಕೊಳ್ಳಿ. ಫುಟ್‌ಬಾಲ್ ಮೈದಾನದಲ್ಲಿ ಗೋಲು ಬೀಳುವುದು ಆಶ್ಚರ್ಯವೇ? ಗೋಲು ಬಿದ್ದರೆ ಜನ ತಿರುಗಿ ನೋಡುವುದು ತಪ್ಪೇ? ತೇರು ಹೊರಟಾಗ ಜನ ತಿರುಗಿ ನೋಡಿದರೆ ಸಾಯುತ್ತಾರೆ ಎಂದಾದರೆ, ಆ ಬೀದಿಯಲ್ಲಿ ತೇರು ಎಳೆಸಿದವರನ್ನು ಕೇಳಬೇಕೋ, ಕೈಮುಗಿಯಲು ತಿರುಗಿದ ಮುದುಕಿಯನ್ನು ಕೇಳಬೇಕೋ?

ಪಾಪದ ಶ್ವೆತ್ಸೋವ್, ಆ ಗೋಲು ಹೊಡೆಯದಿದ್ದರೇ ಚೆನ್ನಾಗಿತ್ತು ಎಂದು ಆಮೇಲೆ ಹೇಳಿಕೊಂಡ. ಚೆಂಡು ಒದ್ದ ತಪ್ಪಿಗೆ ಆಟಗಾರ ಕೊರಗಿದ. ಮೆಟ್ಟಿಲಿಗೆ ಜವಾಬ್ದಾರರಾದ ದೊಡ್ಡವರು ಎಷ್ಟು ಜನ ಕೊರಗಿದರು? 1983ರ ಫೆಬ್ರವರಿಯಲ್ಲಿ ವಿಚಾರಣೆ ನಡೆದಾಗ ಜೈಲಿಗೆ ಹೋದದ್ದು ಸ್ಟೇಡಿಯಂ ಕಮಾಂಡೆಂಟ್ ಒಬ್ಬನೇ. ಅವನು ಆ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. 3 ವರ್ಷ ಶಿಕ್ಷೆ, ಅದರಲ್ಲಿ ಅರ್ಧ ಕಳೆದು ಹೊರಗೆ ಬಂದ. ಅವನಿಗಿಂತ ದೊಡ್ಡವರಿಗೆ ಕ್ಷಮಾದಾನ ಸಿಕ್ಕಿತು. ಎಲ್ಲ ಕಡೆಯೂ ಇದೇ ಪದ್ಧತಿ ಇರಬೇಕು. ಸೇತುವೆ ಬಿದ್ದರೆ ವಾಚ್‌ಮನ್ ಸಸ್ಪೆಂಡ್.

ಈಗ ನಮ್ಮ ಕಸುಬಿನ ಮಾತು. ಮರುದಿನ ಮಾಸ್ಕೋದ ಸಂಜೆ ಪತ್ರಿಕೆ ‘ವೆಚೆರ್ನ್ಯಾಯಾ ಮಾಸ್ಕ್ವಾ’ದಲ್ಲಿ ಸುದ್ದಿ ಬಂತು. ನಾಲ್ಕಾರು ಸಾಲು. ಪಂದ್ಯ ಮುಗಿದು ಜನ ಹೊರಡುವಾಗ, ಸಾಗುವ ಕ್ರಮ ತಪ್ಪಿದ್ದರಿಂದ ಅವಘಡ ಆಯಿತು, ಕೆಲವರಿಗೆ ಪೆಟ್ಟಾಗಿದೆ, ತನಿಖೆ ನಡೆದಿದೆ. ಅಷ್ಟೇ. ‘ಸಾವು’ ಎಂಬ ಪದವೇ ಇಲ್ಲ. 66 ಹೆಣ ಶವಾಗಾರದಲ್ಲಿ ಇರುವಾಗ ಪತ್ರಿಕೆಯಲ್ಲಿ ಕೆಲವರಿಗೆ ಪೆಟ್ಟು!

ನಾವು ಜಿಲ್ಲಾ ಸುದ್ದಿಗಾರರು. ಸಿಂಗಲ್ ಕಾಲಂ ಬಿಡಿ ಸುದ್ದಿ ಬರೆದೇ ಹೊಟ್ಟೆ ಹೊರೆಯುವವರು. ಆ ನಾಲ್ಕು ಸಾಲನ್ನು ಓದಿದ ಕೂಡಲೇ ನಮಗೆ ಗುರುತು ಹತ್ತುತ್ತದೆ. ಅದನ್ನು ವರದಿಗಾರ ಬರೆದಿಲ್ಲ, ಆಫೀಸಿನಿಂದ ಬಂದ ಪ್ರೆಸ್ ನೋಟಿನ ವಾಸನೆ ಅದು. ‘ಸಾಗುವ ಕ್ರಮ ತಪ್ಪಿದ್ದರಿಂದ’ ಎಂಬ ಮಾತು ನೋಡಿ. ಯಾರು ತಪ್ಪಿದರು ಎಂದು ಬರೆದಿಲ್ಲ, ಆದರೆ ಓದಿದವರು ಜನರೇ ತಪ್ಪಿದರು ಎಂದುಕೊಳ್ಳುತ್ತಾರೆ. ಇನ್ನೂ ಸತ್ತವರ ಹೆಸರು ಗೊತ್ತಿಲ್ಲ, ಆಗಲೇ ಸತ್ತವರ ಮೇಲೆ ತೀರ್ಪು. ಮೂರು ವಾರಕ್ಕೆ ದೇಶದ ಯಜಮಾನ ಬ್ರೆಜ್ನೆವ್ ತೀರಿಕೊಂಡ. ಪತ್ರಿಕೆಗಳ ತುಂಬ ಆ ಒಂದು ಸಾವು. ಆಟ ನೋಡಲು ಹೋದ ಮಕ್ಕಳಿಗೆ ಏಳು ವರ್ಷ ಒಂದು ಸಾಲೂ ಸಿಗಲಿಲ್ಲ.

ನವೆಂಬರ್ 3ಕ್ಕೆ ಹಾರ್ಲೆಮ್‌ನಲ್ಲಿ ಎರಡನೇ ಪಂದ್ಯ ಎಂದಿನಂತೆ ನಡೆಯಿತು. ಸ್ಪಾರ್ಟಕ್ 3-1ರಿಂದ ಗೆದ್ದಿತು. ಕ್ಲಬ್ಬಿನ ಮುಖ್ಯಸ್ಥನ ಕುರ್ಚಿಯಲ್ಲಿ ಆಗ ಇದ್ದವರು ಯಾರು? ಶಿಬಿರದಲ್ಲಿ ವರ್ಷಗಟ್ಟಲೆ ಕಳೆದ ಅದೇ ನಿಕೊಲಾಯ್ ಸ್ತಾರೋಸ್ತಿನ್. ಎಂಬತ್ತು ವರ್ಷದ ಆ ಮುದುಕನಿಗೆ ಮಾತಾಡಿದರೆ ಏನಾಗುತ್ತದೆ ಎಂದು ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರನ್ನು ಬೈಯಲು ನಮಗೆ ಬಾಯಿ ಬರುವುದಿಲ್ಲ. ಆದರೆ ‘ಜನರ ತಂಡ’ ಎಂದು ಕರೆಸಿಕೊಂಡ ತಂಡದ ಜನ ಸತ್ತಾಗ, ಆ ತಂಡದ ಬಾಯಿಗೂ ಬೀಗವೇ ಇತ್ತು ಎಂಬುದನ್ನು ಚರಿತ್ರೆಯಲ್ಲಿ ಬರೆಯಲೇಬೇಕು, 22 ಚಾಂಪಿಯನ್ ಪಟ್ಟಗಳ ಪಕ್ಕದಲ್ಲೇ.

ಸುದ್ದಿ ಮುಚ್ಚಿದರೆ ಏನು ನಷ್ಟ, ಸತ್ತವರು ಎದ್ದು ಬರುತ್ತಾರೆಯೇ ಎಂದು ಕೇಳುವವರಿದ್ದಾರೆ. ಅವರಿಗೆ ಸೊಕೊಲ್ನಿಕಿಯ ಸಂಗತಿ ಹೇಳಬೇಕು. ಅದೇ ಮಾಸ್ಕೋ ನಗರ, 1975ರ ಮಾರ್ಚ್ 10. ಸೊಕೊಲ್ನಿಕಿ ಕ್ರೀಡಾಮಂದಿರದಲ್ಲಿ ಕೆನಡಾದ ಹುಡುಗರ ಜೊತೆ ಐಸ್ ಹಾಕಿ ಪಂದ್ಯ. ಕೆನಡಾದವರು ಚ್ಯೂಯಿಂಗ್ ಗಮ್ ಹಂಚಿದರು. ಅಲ್ಲಿನ ಮಕ್ಕಳಿಗೆ ಅದು ಕಂಡರಿಯದ ಪದಾರ್ಥ. ಪಂದ್ಯ ಮುಗಿದ ಮೇಲೆ ಇನ್ನಷ್ಟು ಸಿಗಬಹುದೆಂದು ಮಕ್ಕಳು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲಿಗೆ ಬೀಗ. 21 ಜನ ಸತ್ತರು, ಹೆಚ್ಚಿನವರು ಮಕ್ಕಳೇ. ಸುದ್ದಿ ಹೊರಗೆ ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಸರ್ಕಾರ ಮಾಡಿದ ಒಂದು ಕೆಲಸ ಎಂದರೆ ತಾನೇ ಚ್ಯೂಯಿಂಗ್ ಗಮ್ ತಯಾರಿಸಲು ಶುರುಮಾಡಿದ್ದು! ಬಾಗಿಲು, ಮೆಟ್ಟಿಲು, ಬೀಗ ಇವುಗಳ ಮಾತು ಊರವರ ಕಿವಿಗೆ ಬೀಳಲೇ ಇಲ್ಲ. ಏಳು ವರ್ಷಕ್ಕೆ ಅದೇ ಊರಿನಲ್ಲಿ ಇನ್ನೊಂದು ಮೆಟ್ಟಿಲು. 1975ರಲ್ಲಿ ‘21 ಸಾವು, ಬಾಗಿಲಿಗೆ ಬೀಗ’ ಎಂದು ಒಂದು ಪತ್ರಿಕೆ ಅಚ್ಚು ಹಾಕಿದ್ದರೆ, 1982ರಲ್ಲಿ ಲುಜ್ನಿಕಿಗೆ ಹೋದ ಹುಡುಗನ ಅಮ್ಮ ‘ಜನ ಕರಗುವ ತನಕ ಕೂತಿರು ಮಗಾ’ ಎಂದಾದರೂ ಹೇಳಿ ಕಳಿಸುತ್ತಿದ್ದಳು.

ಮುಚ್ಚಿಟ್ಟ ಸುದ್ದಿ ಹುಳಿ ಹಿಡಿಯುತ್ತದೆ. 1989ರ ಜುಲೈಯಲ್ಲಿ, ಗೋರ್ಬಚೆವ್ ಕಾಲದಲ್ಲಿ, ‘ಸೋವಿಯೆತ್‌ಸ್ಕಿ ಸ್ಪೋರ್ಟ್’ ಪತ್ರಿಕೆ ಲುಜ್ನಿಕಿಯ ಗುಟ್ಟನ್ನು ಹೊರಗೆ ಹಾಕಿತು. ಧೈರ್ಯದ ಕೆಲಸವೇ. ಆದರೆ ಸತ್ತವರು 340ರಷ್ಟು ಎಂದು ಬರೆಯಿತು. ಆಗ ತನಿಖೆ ಮಾಡಿದವರು ಮುಂದೆ ಬಂದು 66 ಎಂದು ಹೇಳಬೇಕಾಯಿತು. 340ರ ಕತೆ ಇಂದಿಗೂ ಓಡಾಡುತ್ತಿದೆ. ನಮ್ಮವರನ್ನೂ ನಾವು ಬಿಡುವುದಿಲ್ಲ: 66ನ್ನು ಸೊನ್ನೆ ಮಾಡಿದ್ದು ಎಷ್ಟು ಸುಳ್ಳೋ, 340 ಮಾಡಿದ್ದೂ ಅಷ್ಟೇ ಸುಳ್ಳು. ವ್ಯತ್ಯಾಸ ಇಷ್ಟೇ, ಮೊದಲನೆಯದು ಬೇಕೆಂದೇ ಹೇಳಿದ್ದು. ಎರಡನೆಯದು ಹುಟ್ಟಿದ್ದು ಮೊದಲನೆಯದರ ಹೊಟ್ಟೆಯಲ್ಲಿ.

ಇದು ಕಮ್ಯುನಿಸ್ಟರ ದೇಶ, ಅದಕ್ಕೇ ಹೀಗೆ ಎನ್ನಬೇಡಿ. ಅದೇ 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಕಂಬಿಗೆ ಒತ್ತಿಕೊಂಡು ಉಸಿರುಗಟ್ಟಿದರು. ಈಗಿನ ಲೆಕ್ಕ 97. ಅಲ್ಲಿ ಪತ್ರಿಕೆಗಳಿಗೆ ಸೆನ್ಸಾರ್ ಇರಲಿಲ್ಲ. ಆದರೂ ‘ದ ಸನ್’ ಎಂಬ ಪತ್ರಿಕೆ ಮುಖಪುಟದಲ್ಲೇ ಅಭಿಮಾನಿಗಳ ಮೇಲೆ ಕೊಳಕು ಆರೋಪ ಹೊರಿಸಿತು. ಎಲ್ಲಿಂದ ಬಂದ ಮಾಹಿತಿ? ಪೊಲೀಸರ ಕಡೆಯಿಂದ. ಅಭಿಮಾನಿಗಳದ್ದು ತಪ್ಪಿಲ್ಲ ಎಂದು ಜ್ಯೂರಿ ಹೇಳಲು 2016 ಬರಬೇಕಾಯಿತು. ತಾಯಂದಿರು 27 ವರ್ಷ ಅಲೆದರು.

ಇಲ್ಲಿ ಕನ್ನಡದ ಒಂದು ಪದದ ಬಗ್ಗೆ ನಮ್ಮ ತಕರಾರಿದೆ. ‘ಕಾಲ್ತುಳಿತ’. ನಾವೂ ಬರೆದಿದ್ದೇವೆ, ಹೆಡ್ಡಿಂಗಿಗೆ ಚೆನ್ನಾಗಿ ಕೂರುತ್ತದೆ. ಆದರೆ ಲುಜ್ನಿಕಿಯಲ್ಲಿ ಸತ್ತವರು ಬಹುತೇಕ ತುಳಿತದಿಂದ ಸತ್ತವರಲ್ಲ, ಎದೆ ಅದುಮಿ ಉಸಿರುಗಟ್ಟಿ ಸತ್ತವರು. ಹಿಲ್ಸ್‌ಬರೋದಲ್ಲೂ ಹಾಗೆಯೇ. ಒಂದು ಚದರ ಮೀಟರ್ ಜಾಗಕ್ಕೆ ಆರೇಳು ಜನ ತುಂಬಿದರೆ ಆಮೇಲೆ ಅಲ್ಲಿ ಮನುಷ್ಯರು ನಡೆಯುವುದಿಲ್ಲ, ಕೆರೆ ಕೋಡಿ ಬಿದ್ದ ನೀರಿನ ಹಾಗೆ ಹೋದ ಕಡೆ ಹೋಗುತ್ತಾರೆ. ಉಸಿರು ಎಳೆಯಬೇಕಾದರೆ ಎದೆ ಹಿಗ್ಗಬೇಕು, ಹಿಗ್ಗಲು ಜಾಗ ಬೇಕು. ಜಾಗ ಇಲ್ಲದಿದ್ದರೆ ನಿಂತಲ್ಲೇ ಪ್ರಾಣ ಹೋಗುತ್ತದೆ, ಹೆಣ ಕೂಡ ಬೀಳದೆ ನಿಂತೇ ಇರಬಹುದು. ಯಾರ ಕಾಲೂ ಯಾರನ್ನೂ ತುಳಿದಿರಬೇಕಾಗಿಲ್ಲ. ಆದರೆ ‘ಕಾಲ್ತುಳಿತ’ ಎಂದು ಬರೆದ ಕೂಡಲೇ ಕಾಲು ಬಂತು, ಕಾಲಿನ ಒಡೆಯ ಬಂದ, ಅಪರಾಧಿ ಸಿಕ್ಕಿದ. ಗೇಟು, ಬೀಗ, ಹಿಮ ಗುಡಿಸದ ಮೆಟ್ಟಿಲು ಎಲ್ಲವೂ ಬಚಾವ್.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ತೀರಿಕೊಂಡಾಗ ನಾವೆಲ್ಲ ಬಳಸಿದ್ದು ಇದೇ ಪದ. ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು. ಲುಜ್ನಿಕಿಯ ಮಕ್ಕಳ ಹಾಗೆ ಅವರು ಏಳು ವರ್ಷ ಕಾಯಲಿಲ್ಲ. ಅವರ ಹೆಸರು, ಊರು, ಫೋಟೊ ಪತ್ರಿಕೆಗಳಲ್ಲಿ ಬಂದವು, ಗೇಟಿನ ಪ್ರಶ್ನೆಯನ್ನು ಜನ ಕೇಳಿದರು. ‘ಅಷ್ಟು ಜನ ಯಾಕೆ ಹೋಗಬೇಕಿತ್ತು’ ಎಂದವರೂ ನಮ್ಮ ನಡುವೆಯೇ ಇದ್ದರು. ನಮ್ಮ ಗ್ರೂಪಿನಲ್ಲೂ ಇದ್ದರು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷದ ಹಿಂದೆ ಜಿಲ್ಲೆಯ ಒಂದು ಜಾತ್ರೆಯಲ್ಲಿ ನೂಕುನುಗ್ಗಲಾಗಿ ಹತ್ತಾರು ಜನಕ್ಕೆ ಪೆಟ್ಟಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ನಾವು ಅಲ್ಲಿಗೆ ಹೋಗಲಿಲ್ಲ, ಬೈಕಿಗೆ ಪೆಟ್ರೋಲ್ ದುಡ್ಡು ಕೊಡುವವರು ಯಾರು? ಫೋನಿಗೆ ಬಂದ ಪ್ರಕಟಣೆ ನೋಡಿ ‘ಭಕ್ತರ ಆತುರದಿಂದ ನೂಕುನುಗ್ಗಲು’ ಎಂದು ಬರೆದು ಕಳಿಸಿದೆವು. ಡೆಸ್ಕಿನವರು ಅದನ್ನೇ ಇನ್ನೂ ಕತ್ತರಿಸಿ ಹಾಕಿದರು. ಎರಡು ದಿನ ಬಿಟ್ಟು ಒಬ್ಬ ಯಜಮಾನರು ಫೋನ್ ಮಾಡಿದರು. ‘ಏನಪ್ಪಾ, ಆತುರ ಅಂತ ಬರದೀಯಲ್ಲ, ನನ್ನ ಹೆಂಡ್ತಿಗೆ ಮಂಡಿ ಮುರಿದು ಮಲಗವಳೆ. ಹಿಂದಿನ ಗೇಟಿಗೆ ಬೀಗ ಹಾಕಿದ್ರು, ವಿಐಪಿ ಕಾರು ಬತ್ತದೆ ಅಂತ. ಅದ ಬರದ್ಯಾ?’ ಬರೆದಿರಲಿಲ್ಲ. ಎಷ್ಟು ಗೇಟಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಮಾಸ್ಕೋದ ಸಂಜೆ ಪತ್ರಿಕೆಯ ಆ ನಾಲ್ಕು ಸಾಲಿಗೂ ನಮ್ಮ ಆ ನಾಲ್ಕು ಸಾಲಿಗೂ ಇದ್ದ ವ್ಯತ್ಯಾಸ ಏನು? ಅವರ ಹಿಂದೆ ಪೊಲೀಸ್ ಇದ್ದ. ನಮ್ಮ ಹಿಂದೆ ಯಾರೂ ಇರಲಿಲ್ಲ, ಸೋಮಾರಿತನ ಇತ್ತು.

ಲುಜ್ನಿಕಿಯಲ್ಲಿ ಈಗ ಸ್ಮಾರಕ ಇದೆ, 1992ರಲ್ಲಿ ಕಟ್ಟಿದ್ದು. 2007ರಲ್ಲಿ ಸ್ಪಾರ್ಟಕ್ ಮತ್ತು ಹಾರ್ಲೆಮ್‌ನ ಹಳೆಯ ಆಟಗಾರರು ಸತ್ತವರ ನೆನಪಿಗೆ ಅಲ್ಲೇ ಮತ್ತೆ ಆಡಿದರು. ಹಾರ್ಲೆಮ್ ಕ್ಲಬ್ 2010ರಲ್ಲಿ ದಿವಾಳಿ ಎದ್ದು ಮುಚ್ಚಿಹೋಯಿತು. 2018ರ ವಿಶ್ವಕಪ್ ಫೈನಲ್ಲನ್ನು ನೀವು ಫೋನಿನಲ್ಲಿ ನೋಡಿದ್ದರೆ, ಫ್ರಾನ್ಸ್ 4-2ರಿಂದ ಕ್ರೊವೇಷ್ಯಾವನ್ನು ಸೋಲಿಸಿದ್ದು, ಅದು ಇದೇ ಲುಜ್ನಿಕಿ. ಅವತ್ತು ಕಾಮೆಂಟ್ರಿಯಲ್ಲಿ ಮೆಟ್ಟಿಲಿನ ಮಾತು ನಮಗಂತೂ ಕೇಳಿಸಲಿಲ್ಲ.

ಆ ರೀಲ್ ನಿಮ್ಮ ಗ್ರೂಪಿಗೂ ಬರುತ್ತದೆ. ಬಂದಾಗ ಅಳುವ ಇಮೋಜಿ ಹಾಕಿ ಸುಮ್ಮನಾಗಬೇಡಿ, ‘ಗೇಟು ಎಷ್ಟು ತೆರೆದಿತ್ತು?’ ಎಂದು ಕೇಳಿ. ನಾವು ಈ ಬ್ಲಾಗಿನಲ್ಲಿ ಇನ್ನು ಮುಂದೆ ‘ಕಾಲ್ತುಳಿತ’ ಬರೆಯುವುದಿಲ್ಲ, ‘ಒತ್ತಡಕ್ಕೆ ಉಸಿರುಗಟ್ಟಿ’ ಎಂದು ಬರೆಯುತ್ತೇವೆ, ಉದ್ದವಾದರೂ ಸರಿ. ನಿಮ್ಮೂರ ತೇರು, ಉರುಸು, ಕಬಡ್ಡಿ ಟೂರ್ನಮೆಂಟು ಏನೇ ಇರಲಿ, ಹಿಂದಿನ ದಿನವೇ ಹೋಗಿ ಹೊರಗೆ ಹೋಗುವ ದಾರಿ ಎಷ್ಟು, ಅವುಗಳಲ್ಲಿ ಬೀಗ ಹಾಕಿದ್ದು ಎಷ್ಟು ಎಂದು ಎಣಿಸಿ, ಫೋಟೊ ತೆಗೆದು ನಮಗೆ ಕಳಿಸಿ. ಈ ಸಲ ಪೆಟ್ರೋಲ್ ನಮ್ಮ ಜೇಬಿನಿಂದಲೇ.